ಬೆರಕೆ ಮರಿಯ ಕುಲಗೋತ್ರ

ಮೈಸೂರಿನ ನಮ್ಮ ಬಡಾವಣೆಯ ಜನ ತುಂಬ ಸಭ್ಯರು. ಹೊಸದಾಗಿ ಬಾಡಿಗೆಗೆ ಬಂದವರ ಜಾತಿಯನ್ನು ಯಾರೂ ನೇರವಾಗಿ ಕೇಳುವುದಿಲ್ಲ. ‘ಊರು ಯಾವುದು, ಮನೆದೇವರು ಯಾವುದು, ಹಬ್ಬಕ್ಕೆ ಏನೇನು ಮಾಡ್ತೀರಿ’ ಎಂದು ಸುತ್ತಿ ಬಳಸಿ ಬಂದು, ಉತ್ತರವನ್ನು ತಾವೇ ಊಹಿಸಿಕೊಂಡು ಸುಮ್ಮನಾಗುತ್ತಾರೆ. ಆದರೆ ಕೈಯಲ್ಲೊಂದು ನಾಯಿ ಹಿಡಿದುಕೊಂಡು ಬೀದಿಗೆ ಇಳಿದು ನೋಡಿ. ಅದುಮಿಟ್ಟ ಕುತೂಹಲವೆಲ್ಲ ಒಂದೇ ಸಲಕ್ಕೆ ಹೊರಗೆ ಬರುತ್ತದೆ. ‘ಯಾವ ಜಾತಿ ಸಾರ್?’ ‘ಒರಿಜಿನಲ್ಲಾ?’ ‘ಅಪ್ಪ ಅಮ್ಮ ಇಬ್ಬರೂ ಅದೇನಾ?’ ‘ಪೇಪರ್ ಇದೆಯಾ?’ ನೀವು ‘ಕ್ರಾಸ್’ ಎಂದಿರೋ, ಕೇಳಿದವರ ಮುಖದಲ್ಲಿ ಸಣ್ಣದೊಂದು ಅನುಕಂಪ ಮೂಡುತ್ತದೆ. ‘ಪರವಾಗಿಲ್ಲ ಬಿಡಿ, ಸಾಕೋದ್ರಲ್ಲಿರೋದು ಎಲ್ಲಾ’ ಎಂದು ಸಮಾಧಾನ ಹೇಳಿ ಮುಂದೆ ಹೋಗುತ್ತಾರೆ. ನಾಯಿ ಮಾತ್ರ ಅವರ ಚಪ್ಪಲಿ ಮೂಸುತ್ತಾ, ಇವರು ಬೆಳಿಗ್ಗೆ ಯಾವ ಹೋಟೆಲಿನಿಂದ ಬಂದರು ಎಂಬುದನ್ನು ಪತ್ತೆ ಮಾಡುವುದರಲ್ಲಿ ಮಗ್ನವಾಗಿರುತ್ತದೆ.

ನಮ್ಮದು ಗೊತ್ತಿದ್ದೇ ತಂದ ಬೆರಕೆ. ತಾಯಿ ಲ್ಯಾಬ್ರಡಾರ್. ತಂದೆ ಮುಧೋಳ ಎಂದು ಮರಿ ಕೊಟ್ಟ ಮನೆಯವರ ಹೇಳಿಕೆ. ತಂದೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಅಲ್ಲಿ ಸ್ವಲ್ಪ ತೊಡಕಿದೆ.

‘ಒರಿಜಿನಲ್’ ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಒರಿಜಿನಲ್‌ಗಳ ಪೂರ್ವಾಪರ ಕೆದಕಿ ನೋಡಿದರೆ ಒಂದಕ್ಕಿಂತ ಒಂದು ಸ್ವಾರಸ್ಯ. ಡೋಬರ್‌ಮನ್ ತೆಗೆದುಕೊಳ್ಳಿ. ಹತ್ತೊಂಬತ್ತನೇ ಶತಮಾನದ ಜರ್ಮನಿಯ ಅಪೋಲ್ಡಾ ಎಂಬ ಊರಿನಲ್ಲಿ ಕಾರ್ಲ್ ಫ್ರೀಡ್ರಿಕ್ ಲೂಯಿ ಡೋಬರ್‌ಮನ್ ಎಂಬಾತ ತೆರಿಗೆ ವಸೂಲಿ ಮಾಡುತ್ತಿದ್ದ. ತೆರಿಗೆಯವನನ್ನು ಪ್ರೀತಿಯಿಂದ ಕರೆದು ಕೂರಿಸುವ ಊರು ಭೂಮಿಯ ಮೇಲೆ ಎಲ್ಲಿದೆ? ಜೊತೆಗೆ ಬಂದರೆ ಬಾಕಿದಾರರು ತಾವಾಗಿ ದುಡ್ಡು ಎಣಿಸಿಕೊಡಬೇಕು, ಅಂಥದೊಂದು ನಾಯಿ ಬೇಕಾಗಿತ್ತು ಅವನಿಗೆ. ಕೈಗೆ ಸಿಕ್ಕ ಗಟ್ಟಿ ನಾಯಿಗಳನ್ನೆಲ್ಲ ಕೂಡಿಸಿ ಕೂಡಿಸಿ ಆ ತಳಿಯನ್ನು ತಯಾರು ಮಾಡಿದ. ಯಾವುದಕ್ಕೆ ಯಾವುದನ್ನು ಕೂಡಿಸಿದೆ ಎಂದು ಬರೆದಿಡಲೂ ಇಲ್ಲ. ಕಂದಾಯದ ಲೆಕ್ಕ ಬರೆದೂ ಬರೆದೂ ಸಾಕಾಗಿತ್ತೋ ಏನೋ. ಇವತ್ತು ಅದೇ ಡೋಬರ್‌ಮನ್ ಮರಿಗೆ ಮೂರು ತಲೆಮಾರಿನ ವಂಶಾವಳಿ ಹಾಳೆ ಕೇಳಿ ಪಡೆಯುತ್ತೇವೆ.

ಲ್ಯಾಬ್ರಡಾರಿನದೂ ಅದೇ ಕತೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜೊತೆ ಬಲೆ ಎಳೆಯುತ್ತಿದ್ದ ಈಜುಗಾರ ನಾಯಿಗಳು ಇವು. ಹಡಗು ಹತ್ತಿ ಇಂಗ್ಲೆಂಡಿಗೆ ಬಂದು, ಅಲ್ಲಿನ ಜಮೀನುದಾರರ ಬಾತುಕೋಳಿ ಬೇಟೆಗೆ ಒಗ್ಗಿಕೊಂಡು, 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ಬಿನಿಂದ ‘ನೀನೂ ಒಂದು ತಳಿ’ ಎಂಬ ಮುದ್ರೆ ಒತ್ತಿಸಿಕೊಂಡವು. ಆ ಕ್ಲಬ್ಬೇ ಹುಟ್ಟಿದ್ದು 1873ರಲ್ಲಿ. 1903ರಲ್ಲಿ ನಮ್ಮ ಮೈಸೂರು ಅರಮನೆಯನ್ನು ಇನ್ನೂ ಕಟ್ಟುತ್ತಿದ್ದರು. ಅನಾದಿಕಾಲದ ಶುದ್ಧ ರಕ್ತ ಎಂದು ನಾವು ಅಂದುಕೊಂಡಿರುವುದರ ವಯಸ್ಸು ಇಷ್ಟೇ.

ಇನ್ನು ಹೊಸಕಾಲದ ಬೆರಕೆಗಳ ಕತೆ. ಆಸ್ಟ್ರೇಲಿಯಾದಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯೊಂದರಲ್ಲಿ ವಾಲಿ ಕಾನ್ರನ್ ಎಂಬಾತ ಕೆಲಸಕ್ಕಿದ್ದ. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ಅಂಥ ನಾಯಿ ಬೇಕಿತ್ತು. ಅವರ ಗಂಡನಿಗೋ ನಾಯಿಯ ಕೂದಲೆಂದರೆ ಅಲರ್ಜಿ. 1980ರ ದಶಕದ ಕೊನೆಯಲ್ಲಿ ಕಾನ್ರನ್ ಒಂದು ಪೂಡಲ್‌ಗೂ ಲ್ಯಾಬ್ರಡಾರ್‌ಗೂ ಸಂಬಂಧ ಕುದುರಿಸಿದ. ಮೂರು ಮರಿ ಹುಟ್ಟಿದವು. ಮೂರರಲ್ಲಿ ಆ ಗಂಡನಿಗೆ ಸೀನು ತರಿಸದೆ ಹೊಂದಿಕೊಂಡದ್ದು ಒಂದೇ ಒಂದು. ಆದರೆ ಸಾಕುವುದಕ್ಕೆ ‘ಕ್ರಾಸ್ ಮರಿ’ ಎಂದು ಯಾರೂ ತೆಗೆದುಕೊಳ್ಳಲಿಲ್ಲ. ಅಲ್ಲೂ ನಮ್ಮ ಬಡಾವಣೆಯವರಂಥ ಜನರೇ! ಕಾನ್ರನ್ ತಲೆ ಓಡಿಸಿ ‘ಲ್ಯಾಬ್ರಡೂಡಲ್’ ಎಂಬ ಹೊಸ ಹೆಸರು ಕಟ್ಟಿದ. ಬೇಡ ಎಂದವರೇ ಸಾಲುಗಟ್ಟಿ ನಿಂತರು. ಆಮೇಲೆ ಆದದ್ದು ಅವನ ಕೈ ಮೀರಿತು. ಸಿಕ್ಕಿದ ನಾಯಿಗೆಲ್ಲ ಪೂಡಲ್ ಕೂಡಿಸಿ, ತಂದೆತಾಯಿಯ ಆರೋಗ್ಯ ಕೂಡ ನೋಡದೆ, ಮರಿ ಮಾರಿ ದುಡ್ಡು ಮಾಡುವವರು ಲೋಕದ ತುಂಬ ಹುಟ್ಟಿಕೊಂಡರು. ನನ್ನ ಜೀವನದ ದೊಡ್ಡ ಪಶ್ಚಾತ್ತಾಪವೇ ಅದು ಎಂದು 2019ರಲ್ಲಿ, ಮುಪ್ಪಿನ ವಯಸ್ಸಿನಲ್ಲಿ, ಆತ ರೇಡಿಯೋದವರ ಮುಂದೆ ಹೇಳಿಕೊಂಡ.

ನನ್ನ ಮಟ್ಟಿಗೆ ಈ ಕತೆಯ ಸಾರ ಇರುವುದು ಆ ಪಶ್ಚಾತ್ತಾಪದಲ್ಲಲ್ಲ, ಮೂರು ಮರಿಯಲ್ಲಿ ಒಂದೇ ಹೊಂದಿಕೊಂಡಿತು ಎನ್ನುವುದರಲ್ಲಿ. ಒಂದೇ ಸೂಲಿನ ಬೆರಕೆ ಮರಿಗಳಲ್ಲಿ ಒಂದಕ್ಕೆ ತಾಯಿಯ ಕೂದಲು, ಒಂದಕ್ಕೆ ತಂದೆಯ ಕಾಲು, ಇನ್ನೊಂದಕ್ಕೆ ಯಾವ ಅಜ್ಜನದೋ ಮೂತಿ. ‘ನಮ್ಮ ಕ್ರಾಸ್ ಮರಿಗೆ ಕೂದಲು ಉದುರಲ್ಲ, ಬೊಗಳಲ್ಲ, ಇಷ್ಟೇ ಎತ್ತರ ಬೆಳೆಯುತ್ತೆ’ ಎಂದು ಗ್ಯಾರಂಟಿ ಕೊಡುವವನು ನಾಯಿ ಮಾರುತ್ತಿಲ್ಲ, ಜ್ಯೋತಿಷ್ಯ ಮಾರುತ್ತಿದ್ದಾನೆ.

ನಾವು ನಾಯಿ ತರುವ ಮಾತೆತ್ತಿದಾಗ ಮೊದಲು ಎಚ್ಚೆತ್ತವರು ಅರಸೀಕೆರೆಯ ನಮ್ಮ ಸೋದರಮಾವ. ದನದ ಜಾತ್ರೆಗಳಲ್ಲಿ ಸುಳಿ ನೋಡಿ, ಹಲ್ಲು ಎಣಿಸಿ ಎತ್ತು ಆರಿಸುತ್ತಿದ್ದ ಕೈ ಅವರದು. ಟ್ರ್ಯಾಕ್ಟರು ಬಂದ ಮೇಲೆ ಆ ವಿದ್ಯೆ ಉಪಯೋಗಕ್ಕಿಲ್ಲದೆ ಬಿದ್ದಿತ್ತು. ಫೋನಿನಲ್ಲೇ ಪಾಠ ಶುರುಮಾಡಿದರು. ‘ನೋಡು ಅಳಿಯ, ಮರಿ ಕುತ್ತಿಗೆ ಹಿಂದಿನ ಚರ್ಮ ಹಿಡಿದು ಮೇಲಕ್ಕೆತ್ತು. ಕುಂಯ್ ಅಂದ್ರೆ ಬಿಟ್ಟುಬಿಡು, ಅದು ಕಳ್ಳನ್ನ ಕಂಡ್ರೂ ಕುಂಯ್ ಅಂತದೆ. ಇಪ್ಪತ್ತು ಉಗುರಿದ್ರೆ ಕಣ್ಣು ಮುಚ್ಚಿ ತಗೊ. ಅಂಗಳು ಕಪ್ಪಗಿರಬೇಕು. ಹೆಣ್ಣು ಮಾತ್ರ ಬೇಡ.’

ಉಗುರಿನ ಲೆಕ್ಕ ನಾನೂ ಹಾಕಿ ನೋಡಿದೆ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು ಹದಿನೆಂಟು. ಎಲ್ಲೋ ಕೆಲವಕ್ಕೆ ಹಿಂಗಾಲಿನ ಒಳಬದಿಯಲ್ಲಿ ಒಂದೊಂದು ಹೆಚ್ಚಿನ ಉಗುರು ತೂಗಾಡುತ್ತಿರುತ್ತದೆ. ಹೆಚ್ಚಿನ ಹೊತ್ತು ಅದು ಬೇಲಿಗೆ ಸಿಕ್ಕಿ ಹರಿದುಕೊಳ್ಳುವುದಕ್ಕೆ ಬಿಟ್ಟರೆ ಬೇರೆ ಕೆಲಸಕ್ಕೆ ಬಾರದು. ಮಾವನಿಗೆ ಇದನ್ನು ಹೇಳಲು ಹೋಗಲಿಲ್ಲ. ಎತ್ತಿನ ವಿಷಯದಲ್ಲಿ ಅವರ ಮಾತು ಎಂದೂ ಹುಸಿಯಾದದ್ದಿಲ್ಲ, ನಾಯಿಯ ವಿಷಯದಲ್ಲಿ ಹುಸಿಯಾಗುವ ಹಕ್ಕು ಅವರಿಗಿದೆ.

ನಾಯಿಯ ಫ್ಯಾಷನ್ನನ್ನೂ ಒಮ್ಮೆ ನೆನೆಸಿಕೊಳ್ಳಿ. ನಾವು ಚಿಕ್ಕವರಿದ್ದಾಗ ಗೇಟಿನ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಬೋರ್ಡು, ಒಳಗೆ ಬೆಳ್ಳಗೆ ತಲೆದಿಂಬಿನಷ್ಟು ದೊಡ್ಡ ಪಮೋರಿಯನ್ನು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಪಗ್ ಓಡಿತು ನೋಡಿ, ದೇಶಕ್ಕೆ ದೇಶವೇ ಪಗ್ಗಿನ ಹಿಂದೆ ಓಡಿತು. ಚಪ್ಪಟೆ ಮೂತಿಯ ಆ ಜೀವಕ್ಕೆ ಉಸಿರಾಡುವುದೇ ಒಂದು ಉದ್ಯೋಗ, ಅದರ ಮೇಲೆ ನಮ್ಮ ಏಪ್ರಿಲ್ಲಿನ ಸೆಕೆ. ಈಗ ಹಿಮದಲ್ಲಿ ಗಾಡಿ ಎಳೆಯಬೇಕಾದ ಹಸ್ಕಿಗಳು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಎ.ಸಿ. ಕೆಳಗೆ ಅಂಗಾತ ಮಲಗಿವೆ. ‘777 ಚಾರ್ಲಿ’ ಚಿತ್ರ 2022ರಲ್ಲಿ ಬಂದಾಗ ಥಿಯೇಟರಿನಲ್ಲಿ ಎಲ್ಲರೂ ಅತ್ತರು. ದುಡ್ಡಿನಾಸೆಗೆ ರಕ್ತಸಂಬಂಧದೊಳಗೇ ಮರಿ ಮಾಡಿಸುವವರ ಕೈಯಿಂದ ಬಂದ ನಾಯಿಯ ಕತೆ ಅದು. ಅತ್ತವರಲ್ಲಿ ಕೆಲವರು ಹೊರಗೆ ಬಂದು ಕಣ್ಣೊರೆಸಿಕೊಂಡು, ಅಂಥದೇ ಲ್ಯಾಬ್ ಮರಿ ಎಲ್ಲಿ ಸಿಗುತ್ತೆ ಎಂದು ವಿಚಾರಿಸಿದರು. ಸಿನಿಮಾದವರು ತಾನೇ ಏನು ಮಾಡಿಯಾರು?

ಅಷ್ಟೆಲ್ಲ ಮಾತಾಡುವವನು ಬೀದಿಯ ಮರಿಯನ್ನೇ ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಂದವರನ್ನು ಕಂಡರೆ ಗೌರವವಿದೆ, ನಮ್ಮೂರಿನ ಹವೆಗೆ ಅದಕ್ಕಿಂತ ಗಟ್ಟಿ ನಾಯಿ ಬೇರೊಂದಿಲ್ಲ. ಆದರೆ ನಮ್ಮ ಮನೆಯಲ್ಲಿ ವಯಸ್ಸಾದ ಅತ್ತೆ, ಎಡವಿದರೆ ಕಷ್ಟ. ಹುಟ್ಟಿದ ದಿನದಿಂದ ಮನುಷ್ಯರ ಕಾಲ ಸಂದಿಯಲ್ಲೇ ಬೆಳೆದ ಮರಿಯಾದರೆ ಒಳ್ಳೆಯದು ಎಂದು ಮನೆಯವಳ ತೀರ್ಮಾನ. ಮನೆಯವಳ ತೀರ್ಮಾನಕ್ಕೆ ನಾನು ಕಾರಣ ಕೇಳುವ ವಯಸ್ಸು ದಾಟಿಯಾಗಿದೆ.

ಹೀಗೆ ನಾವು ಇಲವಾಲದ ಕಡೆ ಒಂದು ಮನೆಗೆ ಹೋದೆವು. ಗಂಡ ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹೆಂಡತಿ ಮನೆಯ ಯಜಮಾನಿ, ನಾಯಿಗಳ ಯಜಮಾನಿಯೂ ಅವರೇ. ಬೋರ್ಡಿಲ್ಲ, ಪಂಜರಗಳ ಸಾಲಿಲ್ಲ. ಹಜಾರದಲ್ಲಿ ರಾಯರ ಫೋಟೊದ ಪಕ್ಕ ಕಟ್ಟು ಹಾಕಿದ ಒಂದು ಸರ್ಟಿಫಿಕೇಟು. ಯಾವ ದೇವರ ಕ್ಷೇತ್ರದ್ದೋ ಎಂದುಕೊಂಡು ಹತ್ತಿರ ಹೋಗಿ ನೋಡಿದರೆ, ನಾಯಿ ತಳಿ ಮಾಡುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಮಾಡಿಸಬೇಕಾದ ನೋಂದಣಿ. 2017ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮ ಇದು. ಎರಡು ತಿಂಗಳು, ಅಂದರೆ ಎಂಟು ವಾರ, ತುಂಬದ ಮರಿಯನ್ನು ಮಾರಕೂಡದು ಎಂದೂ ಅದರಲ್ಲಿದೆ. ಈ ನಿಯಮವನ್ನು ಓದಿದವರಿಗಿಂತ ಮುರಿದವರೇ ಹೆಚ್ಚು.

ಎಂಟು ವಾರದ ಮಾತು ಬಂತಲ್ಲ, ಇಡೀ ವ್ಯಾಪಾರದ ಗುಟ್ಟು ಅಲ್ಲಿದೆ. ನಾಯಿ ಗಬ್ಬವಿರುವುದು ಹೆಚ್ಚುಕಡಿಮೆ ಅರವತ್ತಮೂರು ದಿನ. ಹುಟ್ಟಿದ ಮರಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ, ಹಾಲಿನ ಕಡೆಗೆ ತೆವಳುವ ಮೂಗು ಒಂದೇ. ಎರಡು ವಾರದ ಹೊತ್ತಿಗೆ ಕಣ್ಣು ಬಿಡುತ್ತವೆ. ಆಮೇಲೆ ಕಿವಿ ತೆರೆಯುತ್ತದೆ. ಅಲ್ಲಿಯವರೆಗೆ ಉಣಿಸುವುದು, ನೆಕ್ಕಿ ಶುದ್ಧ ಮಾಡುವುದು ಎಲ್ಲ ತಾಯಿಯದೇ. ಮನೆಯವರಿಗೆ ಕೆಲಸ ಕಡಿಮೆ. ನಾಲ್ಕನೇ ವಾರಕ್ಕೆ ಮರಿಗಳಿಗೆ ಸೂಜಿಯಂಥ ಹಾಲುಹಲ್ಲು ಬಂದು, ತಾಯಿ ಮೊಲೆಯೂಡಿಸುವಾಗಲೇ ಎದ್ದು ನಡೆಯತೊಡಗುತ್ತಾಳೆ. ಅಲ್ಲಿಂದ ಮನೆಯವರ ನಿದ್ದೆ ಹೋಯಿತು. ದಿನಕ್ಕೆ ನಾಲ್ಕು ಸಲ ಮೆತ್ತಗೆ ಬೇಯಿಸಿ ಹಾಕಬೇಕು, ಎಂಟು ಸಲ ಒರೆಸಬೇಕು, ಜಂತುಹುಳುವಿನ ಔಷಧಿ ಕುಡಿಸಬೇಕು, ಆರು ವಾರ ದಾಟಿದ ಮೇಲೆ ಮೊದಲ ಲಸಿಕೆ ಹಾಕಿಸಬೇಕು. ಖರ್ಚು ಶುರುವಾಗುವುದೂ ಆಗಲೇ, ಮರಿ ಗುಂಡುಗುಂಡಾಗಿ ಮುದ್ದಾಗಿ ಕಾಣುವುದೂ ಆಗಲೇ. ಬರೀ ದುಡ್ಡಿಗೆ ಕೂತವನು ಮೂವತ್ತನೇ ದಿನವೇ ‘ನಲವತ್ತೈದು ದಿನ ಆಗಿದೆ ಸಾರ್’ ಎಂದು ರಟ್ಟಿನ ಡಬ್ಬಕ್ಕೆ ಹಾಕಿ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಮನೆಗೆ ಬಂದ ಮರಿ ವಾರದೊಳಗೆ ಪಾರ್ವೋ ಬಂದು ರಕ್ತ ಭೇದಿ ಮಾಡಿಕೊಂಡು ಮಲಗಿದರೆ ಅವನ ಫೋನು ಸ್ವಿಚ್ ಆಫ್.

ಉಳಿದ ನಾಲ್ಕು ವಾರ ಮರಿ ಸುಮ್ಮನೆ ತಿಂದು ಮಲಗಿರುವುದಿಲ್ಲ. ಅಣ್ಣನ ಕಿವಿ ಜೋರಾಗಿ ಕಚ್ಚಿದರೆ ಅಣ್ಣ ಕಿರುಚಿ ಆಟ ಬಿಟ್ಟು ಹೋಗುತ್ತಾನೆ, ತಾಯಿಯನ್ನು ಕಚ್ಚಿದರೆ ಗುರ್ ಅನ್ನುತ್ತಾಳೆ. ಹಲ್ಲನ್ನು ಎಷ್ಟು ಊರಬೇಕು ಎಂಬ ಲೆಕ್ಕವನ್ನು ನಾಯಿ ಕಲಿಯುವ ಶಾಲೆ ಇದೊಂದೇ. ಮೂರನೇ ವಾರದಿಂದ ಮೂರು ತಿಂಗಳವರೆಗೆ ನೋಡಿದ್ದು ಕೇಳಿದ್ದೆಲ್ಲ ಅದಕ್ಕೆ ಜನ್ಮವಿಡೀ ಸಹಜ, ಆಗ ಕಾಣದೇ ಉಳಿದದ್ದು ಭಯ. ನಾವು ಕೂತಿದ್ದಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನಮ್ಮ ಮಗಳು ಬೆಚ್ಚಿದಳು. ಗೋಣಿಚೀಲದ ಮೇಲೆ ಒಂದರ ಮೇಲೊಂದು ಬಿದ್ದುಕೊಂಡಿದ್ದ ಮರಿಗಳಲ್ಲಿ ಒಂದು ಕಣ್ಣು ತೆರೆದು ಮುಚ್ಚಿತು, ಅಷ್ಟೇ. ನಾನು ಮನಸ್ಸಿನಲ್ಲೇ ಆ ಮನೆಗೆ ಮಾರ್ಕು ಕೊಟ್ಟುಬಿಟ್ಟೆ.

ಜಾತಿ ನಾಯಿಗೆ ಕೆನಲ್ ಕ್ಲಬ್ಬಿನ ಕಾಗದ ಸಾಕ್ಷಿ. ಬೆರಕೆಗೆ ಆ ಕಾಗದ ಇರುವುದಿಲ್ಲ, ಹಾಗಾಗಿ ಅದನ್ನು ಬೆಳೆಸಿದ ಮನೆಯನ್ನೇ ಓದಬೇಕು. ತಾಯಿ ಎಲ್ಲಿ ಮಲಗುತ್ತಾಳೆ, ಹೊರಗಿನವರು ಮರಿ ಮುಟ್ಟಿದಾಗ ಹೇಗೆ ನೋಡುತ್ತಾಳೆ, ಮನೆಯೊಡತಿ ಪಕ್ಕ ಬಂದರೆ ಬಾಲ ಆಡಿಸುತ್ತಾಳೋ ಮುದುರಿಕೊಳ್ಳುತ್ತಾಳೋ. ಅಲ್ಲಿನ ತಾಯಿಯ ಹೆಸರು ಗೌರಿ. ಮೊಲೆ ಜೋತು, ಮೈ ಸ್ವಲ್ಪ ಇಳಿದಿದ್ದರೂ ಕಣ್ಣಲ್ಲಿ ಕಳೆಯಿತ್ತು. ಬಂದು ನನ್ನ ಮಂಡಿಯ ಮೇಲೆ ಗಲ್ಲ ಇಟ್ಟು, ಕೈಯಲ್ಲಿದ್ದ ಬಿಸ್ಕತ್ತಿನ ಮೇಲೆ ದೃಷ್ಟಿ ನೆಟ್ಟು ಕೂತಳು. ಲ್ಯಾಬ್ರಡಾರ್ ಎನ್ನುವುದಕ್ಕೆ ಇನ್ಯಾವ ಕಾಗದ ಬೇಕು?

‘ತಂದೆ ಎಲ್ಲಮ್ಮಾ?’ ಎಂದೆ. ಹಿಂದಿನ ತೋಟದ ಮನೆಯವರ ಮುಧೋಳ ನಾಯಿ ಎಂದರು. ‘ಅದನ್ನ ನೋಡಿದವರೆಲ್ಲ ಊಟ ಹಾಕಲ್ವಾ ಅಂತ ಬೈತಾರೆ ಸಾರ್. ಅದರ ಮೈಕಟ್ಟೇ ಹಾಗೆ.’ ನಿಜ, ಎಣಿಸಬಹುದಾದ ಪಕ್ಕೆಲುಬು, ಸಣ್ಣ ಸೊಂಟ, ಬಾಣ ಹೂಡಿದ ಹಾಗೆ ನಿಲ್ಲುವ ಜೀವ ಅದು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ. ಆದರೆ ಆ ಅಮ್ಮ ಪ್ರಾಮಾಣಿಕರು. ಸ್ವಲ್ಪ ತಡೆದು, ‘ಆ ವಾರ ಗೇಟು ಒಂದು ಸಲ ತೆರೆದುಹೋಗಿತ್ತು ಸಾರ್’ ಎಂದರು. ಅಷ್ಟು ಸಾಕು. ಬೆದೆಗೆ ಬಂದ ಹೆಣ್ಣು ನಾಯಿ ಒಂದೇ ಸೂಲಿನಲ್ಲಿ ಬೇರೆ ಬೇರೆ ತಂದೆಯರ ಮರಿಗಳನ್ನು ಹಾಕಬಲ್ಲದು. ಐದು ಮರಿಗಳಲ್ಲಿ ನಾಲ್ಕಕ್ಕೆ ಕಡ್ಡಿಯಂಥ ನೀಳ ಬಾಲ. ಒಂದರದು ಮಾತ್ರ ಬೆನ್ನ ಮೇಲೆ ಸುರುಳಿ ಸುತ್ತಿಕೊಂಡಿತ್ತು, ನಮ್ಮ ಬೀದಿಯ ಸರದಾರರದ್ದೇ ಹಾಗೆ.

ಇಂಥ ಮರಿಯ ಕುಲ ನಿರ್ಣಯಿಸುವ ಸಾಹಸಕ್ಕೆ ಒಮ್ಮೆ ಸರ್ಕಾರವೂ ಕೈ ಹಾಕಿತ್ತು. 2024ರ ಮಾರ್ಚಿನಲ್ಲಿ ಕೇಂದ್ರದ ಪಶುಸಂಗೋಪನೆ ಇಲಾಖೆ ಇಪ್ಪತ್ಮೂರು ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ, ಸಾಕುವುದಕ್ಕೂ ಮಾರುವುದಕ್ಕೂ ತಡೆ ಹಾಕಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಅವುಗಳ ಬೆರಕೆಗಳೂ ಅದರಲ್ಲಿ ಸೇರಿದ್ದವು. ಯಾವುದರಲ್ಲಿ ಯಾವುದು ಎಷ್ಟು ಪಾಲು ಬೆರೆತಿದೆ ಎಂದು ಬೀದಿಯಲ್ಲಿ ನಿಂತು ಅಳೆಯುವ ಅಧಿಕಾರಿ ಯಾರು? ಮರುತಿಂಗಳೇ ನಮ್ಮ ಕರ್ನಾಟಕ ಹೈಕೋರ್ಟು, ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ ಸುತ್ತೋಲೆ ಇದು ಎಂದು ರದ್ದು ಮಾಡಿತು.

ಹಿಂದಿನವರು ಈ ವಿಷಯದಲ್ಲಿ ಜಾಣರು ಎನ್ನಿಸುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಒಂದು ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕಾಲ ಸುಮಾರು ಕ್ರಿ.ಶ. 950. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರ ಎಂಬ ವೀರನಿಗೆ ದೊರೆ ಮೆಚ್ಚಿ, ಏನು ಬೇಕೋ ಕೇಳು ಎಂದನಂತೆ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಈತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಕಾದಾಡಿ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಎಂದೂ ಕೆತ್ತಿಸಿದರು. ಹಂದಿಯ ಮೇಲೆ ಮುಗಿಬಿದ್ದ ನಾಯಿಯ ಚಿತ್ರವೂ ಅದರಲ್ಲಿದೆ. ಕಾಳಿ ಯಾವ ಬ್ರೀಡು ಎಂದು ಮಾತ್ರ ಬರೆಸಿಲ್ಲ.

ಸರಿ, ಆರಿಸುವ ಹೊತ್ತು ಬಂತು. ಮಗಳಿಗೆ ಓಡಿ ಬಂದು ದುಪಟ್ಟಾ ಎಳೆದ ಕಂದು ಮರಿ ಬೇಕು. ಮನೆಯವಳಿಗೆ ಮೂಲೆಯಲ್ಲಿ ತೆಪ್ಪಗಿದ್ದದ್ದು ಬೇಕು. ನಾನು ಮಾವನ ಮರ್ಯಾದೆಗೆಂದು ಉಗುರು ಎಣಿಸುತ್ತಿದ್ದೆ. ಆ ಅಮ್ಮ ನಗುತ್ತಾ, ‘ನೀವು ಆರಿಸಬೇಡಿ ಸಾರ್, ನಾನು ಕೊಡ್ತೀನಿ’ ಎಂದರು. ‘ಈಗ ಓಡಿ ಬಂದಿದ್ದು ಇನ್ನೂ ಉಂಡಿಲ್ಲ, ತೆಪ್ಪಗಿರೋದು ಹೊಟ್ಟೆ ತುಂಬ ಉಂಡಿದೆ, ಅಷ್ಟೇ ವ್ಯತ್ಯಾಸ. ಅರ್ಧ ಗಂಟೆ ನೋಡಿ ಏನು ಗೊತ್ತಾಗುತ್ತೆ? ನಿಮ್ಮನೆ ಹೆಂಗೆ ಅಂತ ಹೇಳಿ.’ ಆಮೇಲೆ ವಿಚಾರಣೆ ನಮ್ಮದಾಯಿತು. ಸ್ವಂತ ಮನೆಯಾ ಬಾಡಿಗೆಯಾ, ಓನರ್ ಒಪ್ಪಿದ್ದಾರಾ, ಹಗಲು ಮನೇಲಿ ಯಾರಿರ್ತಾರೆ, ಊರಿಗೆ ಹೋದರೆ ಯಾರಿಗೆ ಬಿಡ್ತೀರಿ, ತಾರಸಿ ಮೇಲೆ ಕಟ್ಟಿಹಾಕ್ತೀರಾ, ಮಗಳ ಮದುವೆ ಆದ್ಮೇಲೆ ಯಾರು ವಾಕಿಂಗ್ ಕರ್ಕೊಂಡು ಹೋಗ್ತಾರೆ. ನನಗೆ ಹೆಣ್ಣು ಕೊಡುವಾಗ ನಮ್ಮ ಮಾವನವರು ಕೂಡ ಇಷ್ಟು ಕೇಳಿರಲಿಲ್ಲ. ಅತ್ತೆಯ ಮಂಡಿನೋವಿನ ವಿಷಯ ಕೇಳಿದ ಮೇಲೆ ಎದ್ದುಹೋಗಿ, ನಾವು ಯಾರೂ ಗಮನಿಸದಿದ್ದ, ಜೊತೆಯವು ಮೇಲೆ ಹತ್ತಿ ತುಳಿದರೂ ಪಕ್ಕಕ್ಕೆ ಸರಿದು ಮಲಗುತ್ತಿದ್ದ ಸುರುಳಿ ಬಾಲದ ಮರಿಯನ್ನು ಎತ್ತಿ ತಂದರು. ಹೆಣ್ಣು. ನನ್ನ ಲೆಕ್ಕಕ್ಕೆ ಉಗುರು ಹದಿನೆಂಟು.

‘ಹೆಣ್ಣಾ?’ ಎಂದು ಅರಸೀಕೆರೆಯ ಮಾವ ಫೋನಿನಲ್ಲೇ ಉಸಿರು ಬಿಟ್ಟರು. ಅವರೊಬ್ಬರೇ ಅಲ್ಲ. ಆ ಮನೆಗೆ ಬಂದವರೆಲ್ಲ ಗಂಡು ಮರಿಗಳನ್ನೇ ಕೇಳಿ ಮುಂಗಡ ಹೇಳಿಹೋಗಿದ್ದರು. ಹೆಣ್ಣಾದರೆ ಬೆದೆಗೆ ಬರುತ್ತದೆ, ಬೀದಿಯ ನಾಯಿಗಳೆಲ್ಲ ಗೇಟಿಗೆ ಬರುತ್ತವೆ, ಮರಿ ಹಾಕಿದರೆ ಏನು ಮಾಡೋದು ಎಂಬ ರಗಳೆ. ಪಶು ಆಸ್ಪತ್ರೆಯಲ್ಲಿ ಒಂದು ಆಪರೇಷನ್ ಮಾಡಿಸಿದರೆ ಮುಗಿದುಹೋಗುವ ರಗಳೆ ಅದು. ಆದರೂ ಸಂತೆ ಮಾಳದಲ್ಲಿ, ದೇವಸ್ಥಾನದ ಹಿಂದೆ, ಚೀಲದಲ್ಲಿ ತಂದು ಬಿಟ್ಟುಹೋದ ಮರಿಗಳನ್ನು ಎತ್ತಿ ನೋಡಿ, ಹೆಚ್ಚಿನವು ಹೆಣ್ಣೇ.

ಆ ಮನೆಯಲ್ಲಿ ಇನ್ನೊಂದು ಹೆಣ್ಣು ಮರಿ ಉಳಿದಿದೆ. ಕಪ್ಪು ಬಣ್ಣ, ಎದೆಯ ಮೇಲೆ ಬಿಳಿ ಮಚ್ಚೆ, ಬಾಲ ನೇರ. ಎರಡನೇ ಲಸಿಕೆಯೂ ಆಗಿದೆ. ಬೇಕಾದವರು ನನ್ನನ್ನು ಕೇಳಿದರೆ ದಾರಿ ಹೇಳುತ್ತೇನೆ. ಫೋನಿನಲ್ಲಿ ಫೋಟೊ ಕಳಿಸಿ ಎಂದರೆ ಆ ಅಮ್ಮ ಕಳಿಸುವುದಿಲ್ಲ, ಮನೆಗೆ ಬಂದು ಗೌರಿಯನ್ನು ನೋಡಿ ಎನ್ನುತ್ತಾರೆ. ಬಾಡಿಗೆ ಮನೆಯವರಾದರೆ ಓನರ್ ಹತ್ತಿರ ಮೊದಲೇ ಮಾತಾಡಿಕೊಂಡು ಹೋಗಿ, ಅದನ್ನು ಕೇಳದೆ ಅವರು ಮರಿ ಕೊಡುವುದಿಲ್ಲ.